ಸ್ಟೇಷನ್ನಿನಿಂದ ಹೋಟೆಲಿಗೆ, ತಿರುಗಿ ನೋಡದೆ

ಮೈಸೂರಿನ ರೈಲ್ವೆ ಸ್ಟೇಷನ್ನಿಗೂ ನನ್ನ ನಿಶ್ಚಿತಾರ್ಥ ನಡೆದ ಹೋಟೆಲಿಗೂ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಕೂಗಳತೆ ಅನ್ನುತ್ತೇನೆ. ಸ್ಟೇಷನ್ನಿನಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಅದು ಕೆಂಪಾಗುವಷ್ಟರಲ್ಲಿ ಹೋಟೆಲಿನ ಬಾಗಿಲು ಸಿಗುತ್ತದೆ. ಆ ಒಂದು ಬೆಳಿಗ್ಗೆ ಅಷ್ಟು ದಾರಿಯನ್ನು ನಾನು ಮೂರು ಸಲ ನಡೆದೆ. ರೇಷ್ಮೆ ಸೀರೆ ಉಟ್ಟ ಮದುವಣಗಿತ್ತಿ ಬೀದಿಯಲ್ಲಿ ಹಾಗೆ ಹೋಗಿ ಬಂದದ್ದನ್ನು ನಮ್ಮ ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲು ನನ್ನಲ್ಲಿ ಬೀಗವಿಲ್ಲ.

ನಮ್ಮದು ಕೆ.ಆರ್. ನಗರದ ಪಕ್ಕದ ಹಳ್ಳಿ, ನಾಲೆ ನೀರಿನಲ್ಲಿ ಭತ್ತ ಬೆಳೆಯುವ ಊರು. ಹುಡುಗನ ಕಡೆಯವರು ಹೆಗ್ಗಡದೇವನಕೋಟೆಯವರು. ನಾವೆಲ್ಲ ಬರೀ ಕೋಟೆ ಅನ್ನುತ್ತೇವೆ. ನಮ್ಮಲ್ಲಿ ನಿಶ್ಚಿತಾರ್ಥ ಹೆಣ್ಣಿನ ಮನೆಯಲ್ಲೇ ಆಗಬೇಕು. ನಮ್ಮ ಹಟ್ಟಿ ಮುಂದೆ ಚಪ್ಪರ ಹಾಕಿದರೆ ಊರಿಗೂರೇ ಕೂರುವಷ್ಟು ಜಾಗವಿದೆ. ಆದರೂ ಮೈಸೂರಿನ ಹೋಟೆಲಿನಲ್ಲಿ ಮಾಡೋಣ, ಕೋಟೆಯವರಿಗೂ ನಮಗೂ ನಡುಮಧ್ಯ ಆಗುತ್ತದೆ ಎಂದು ಮಾವ ಹೇಳಿದ. ಮಾವ ಅಂದರೆ ಅವ್ವನ ಅಣ್ಣ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಎದೆನೋವಿನಿಂದ ತೀರಿಕೊಂಡ ಮೇಲೆ ನಮ್ಮ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಅವನೇ ಮುಂದಾಳು. ಹೋಟೆಲು ಅಂದಾಗ ಎಲ್ಲರಿಗಿಂತ ಮೊದಲು ಹೂಂ ಅಂದವಳು ಅವ್ವ. ಮನೆ ಬಿಟ್ಟು ಒಂದು ಹೆಜ್ಜೆ ಆಚೆ ಇಡಲು ನೂರು ನೆಪ ಹೇಳುವವಳು ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ನನಗೆ ಖುಷಿಯೇ ಆಯಿತು.

ವ್ಯಾನು ಮಾಡೋಣ ಅಂದರೆ ಮಾವ ಕೇಳಲಿಲ್ಲ. ಅವನು ಶಕುನದ ಮನುಷ್ಯ. ರಸ್ತೆಯಲ್ಲಿ ಹೋದರೆ ಬೆಕ್ಕು ಅಡ್ಡ ಬರಬಹುದು, ಒಂಟಿ ಬ್ರಾಹ್ಮಣ ಎದುರಾಗಬಹುದು, ಸೌದೆ ಹೊರೆ ಎದುರಾಗಬಹುದು, ರೈಲಿಗೆ ಇವು ಯಾವುದೂ ತಗಲುವುದಿಲ್ಲ ಅನ್ನುವುದು ಅವನ ಲೆಕ್ಕಾಚಾರ. ಹಾಗಾಗಿ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು. ಮಾವ, ಅತ್ತೆ, ಇಬ್ಬರು ಚಿಕ್ಕಮ್ಮಂದಿರು, ಅವ್ವ, ನಾನು. ಕಾಲೇಜು ಹುಡುಗಿಯರೂ ಆಫೀಸಿಗೆ ಹೋಗುವವರೂ ತುಂಬಿದ್ದ ಬೋಗಿಯಲ್ಲಿ ನಮ್ಮ ತೊಡೆಯ ಮೇಲೆಲ್ಲ ಕೆಂಪು ಬಟ್ಟೆ ಮುಚ್ಚಿದ ತಟ್ಟೆಗಳು. ಹಣ್ಣಿನದು, ವೀಳ್ಯದೆಲೆಯದು, ತೆಂಗಿನಕಾಯಿಯದು, ಕಜ್ಜಾಯದ್ದು. ಕಜ್ಜಾಯ ಅವ್ವನ ಕೈಯದು. ಪಾಕ ಹದಕ್ಕೆ ಬರುವವರೆಗೂ ಒಲೆ ಮುಂದಿನಿಂದ ಅವಳು ಎದ್ದಿರಲಿಲ್ಲ. ಆದರೆ ಆ ತಟ್ಟೆ ಇದ್ದದ್ದು ಅತ್ತೆಯ ತೊಡೆಯ ಮೇಲೆ.

ಸಾಗರಕಟ್ಟೆ ಹತ್ತಿರ ಹಿನ್ನೀರು ಕಂಡಾಗ ಅವ್ವ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಅವಳ ಬಟ್ಟೆ ಚೀಲದೊಳಗೆ ಸ್ಟೀಲಿನ ಡಬ್ಬಿ ಇಣುಕುತ್ತಿತ್ತು. ಹೋಟೆಲಿನಲ್ಲಿ ಬಾಳೆಲೆ ಊಟ ಹೇಳಿರುವಾಗ ಇದೇನು ಬುತ್ತಿ ಎಂದು ಕೇಳಿದೆ. ವಾಪಸು ಬರುವಾಗ ಹಸಿವಾದರೆ ಬೇಕಲ್ಲ, ಒಂದಿಷ್ಟು ಮೊಸರನ್ನ ಅಂದಳು. ನಿಶ್ಚಿತಾರ್ಥದ ಊಟ ಉಂಡವರಿಗೆ ಮೊಸರನ್ನದ ಹಸಿವು ಎಲ್ಲಿಂದ ಬರುತ್ತದೆ ಎಂದು ನಾನು ಗೇಲಿ ಮಾಡಿದೆ. ಅವಳೂ ನಕ್ಕಳು. ಅತ್ತೆ ಮಾತ್ರ ನಗದೆ ತಟ್ಟೆಯ ಬಟ್ಟೆಯನ್ನು ಇನ್ನೊಮ್ಮೆ ಸರಿಮಾಡಿದಳು.

ಮೈಸೂರಿನಲ್ಲಿ ಇಳಿದೆವು. ಜನರೆಲ್ಲ ಹೊರಗೆ ಹೋಗಲಿ ಎಂದು ಮಾವ ನಮ್ಮನ್ನು ಪ್ಲಾಟ್‌ಫಾರಂ ಮೇಲೆಯೇ ಸ್ವಲ್ಪ ಹೊತ್ತು ನಿಲ್ಲಿಸಿದ. ಆಮೇಲೆ ಸಾಲು ಮಾಡಿದ. ಮುಂದೆ ಅವನು, ಹಿಂದೆ ತಟ್ಟೆ ಹಿಡಿದ ಮೂವರು ಹೆಂಗಸರು, ಅವರ ಹಿಂದೆ ನಾನು, ಕೊನೆಗೆ ಅವ್ವ. ಆಟೊ ಬೇಡ, ಶುಭಕಾರ್ಯಕ್ಕೆ ಹೋಗುವವರು ಮೂರ್ಮೂರು ಜನ ಹಂಚಿಕೊಂಡು ಕೂರಬಾರದು, ನಾಲ್ಕು ಹೆಜ್ಜೆ ದಾರಿ ನಡೆದೇ ಹೋಗೋಣ ಅಂದ. ಕೊನೆಗೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಿದ.

"ನೋಡವ್ವ, ಇಲ್ಲಿಂದ ಒಂಟ ಮ್ಯಾಲೆ ಓಟ್ಲು ವಸ್ಲು ದಾಟೋಗಂಟ ಇಂದಕ್ಕೆ ತಿರುಗ್ಬ್ಯಾಡ. ಯಾರ್ ಕೂಗುದ್ರೂ ತಿರುಗ್ಬ್ಯಾಡ. ಒಳ್ಳೇದಲ್ಲ."

ಇದು ನನಗೆ ಹೊಸದೇನಲ್ಲ. ತವರಿನಿಂದ ಮಡಿಲಕ್ಕಿ ಕಟ್ಟಿಸಿಕೊಂಡು ಹೊರಟ ಹೆಣ್ಣುಮಗಳು ಊರ ಬಾಗಿಲು ದಾಟುವವರೆಗೂ ತಿರುಗಿ ನೋಡಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ಆದರೆ ನಿಶ್ಚಿತಾರ್ಥಕ್ಕೆ ಹೊರಟವಳಿಗೆ ಆ ಕಟ್ಟಳೆ ಇದೆ ಎಂದು ಕೇಳಿರಲಿಲ್ಲ. ಮಾವನ ಶಾಸ್ತ್ರಗಳ ಚೀಲದಲ್ಲಿ ಇನ್ನೂ ಏನೇನಿದೆಯೋ ಅಂದುಕೊಂಡೆ. ಅವ್ವ ಹಿಂದಿನಿಂದ ನನ್ನ ಸೆರಗಿನ ಮಡಿಕೆ ನೇರ ಮಾಡಿದಳು. ಬೆನ್ನ ಮೇಲೆ ಒಮ್ಮೆ ಕೈಯಿಟ್ಟು, ನಡಿ ಮಗ ಅಂದಳು. ನಡೆದೆ.

ಹೊರಗೆ ಬಂದ ಕೂಡಲೇ ಆಟೊದವರು ಮುತ್ತಿಕೊಂಡರು. ತಟ್ಟೆ ನೋಡಿ ಅವರೇ ನಕ್ಕು ದಾರಿ ಬಿಟ್ಟರು. ಗೇಟಿನ ಪಕ್ಕ ಟಾಂಗಾ ಒಂದು ನಿಂತಿತ್ತು. ಕುದುರೆಯ ನೆತ್ತಿಗೆ ಬಣ್ಣದ ಗರಿ ಸಿಕ್ಕಿಸಿದ್ದರು. ಅವ್ವ, ಕುದುರೆ ಸಿಂಗಾರ ನೋಡು, ನನಗಿಂತ ಚೆನ್ನಾಗಿದೆ ಅಂದೆ, ತಲೆ ತಿರುಗಿಸದೆ. ರಸ್ತೆ ದಾಟುವಾಗ ಪೊಲೀಸಿನವನು ಕೈಯೆತ್ತಿ ಬಸ್ಸುಗಳನ್ನು ನಿಲ್ಲಿಸಿದ. ಬಸ್ಸಿನ ಕಿಟಕಿಗಳಿಂದ ಜನ ಬಗ್ಗಿ ನೋಡಿದರು, ಒಬ್ಬ ಮೊಬೈಲಿನಲ್ಲಿ ಹಿಡಿದುಕೊಂಡ. ನಾಚಿಕೆಯೂ ನಗುವೂ ಒಟ್ಟಿಗೆ ಬಂತು. ಅವ್ವ, ನಾಳೆ ಊರೆಲ್ಲ ನಮ್ಮ ವಿಡಿಯೋ ಅಂದೆ. ಅವಳು ಮಾತಾಡಲಿಲ್ಲ. ಹಾರನ್ನಿನ ಗಲಾಟೆಯಲ್ಲಿ ಕೇಳಿಸಿರಲಿಕ್ಕಿಲ್ಲ. ಹಿಂದೆ ಚಪ್ಪಲಿಯ ಸದ್ದು ಬರುತ್ತಲೇ ಇತ್ತು. ಅವ್ವನದೇ ಅಂದುಕೊಂಡೆ. ಸಿಹಿ ಅಂಗಡಿ, ಔಷಧಿ ಅಂಗಡಿ, ಲಾಡ್ಜುಗಳ ಬೋರ್ಡು ದಾಟುತ್ತ ನಾನು ಒಂದಲ್ಲ ಒಂದು ಹೇಳುತ್ತಲೇ ಹೋದೆ.

ಹೋಟೆಲು ದೊಡ್ಡದೇ. ಮೀಸೆಯ ಕಾವಲುಗಾರ ಸಲಾಂ ಹೊಡೆದ. ಎದುರಿಗೆ ಗೋಡೆಯಗಲದ ಗಾಜಿನ ಬಾಗಿಲು. ಮಾವ ತಳ್ಳಲು ಕೈ ಚಾಚಿದ, ಅಷ್ಟರಲ್ಲಿ ಅದು ತಾನಾಗಿಯೇ ಎರಡು ಹೋಳಾಗಿ ಸರಿಯಿತು. ಮಾವ ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟ. ಬಾಗಿಲು ಮುಚ್ಚಿಕೊಂಡಿತು. ಮತ್ತೆ ಮುಂದಿಟ್ಟ, ಮತ್ತೆ ತೆರೆಯಿತು. ಅತ್ತೆಗೆ ಇನ್ನೊಂದು ಪೀಕಲಾಟ. ಬಲಗಾಲಿಟ್ಟು ದಾಟೋಣವೆಂದು ಹೊಸ್ತಿಲು ಹುಡುಕುತ್ತಾಳೆ, ಹೊಸ್ತಿಲೇ ಇಲ್ಲ. ನೆಲ ಹೊರಗಿನಿಂದ ಒಳಗಿನವರೆಗೂ ಒಂದೇ ಸಮ ನುಣ್ಣಗಿದೆ. ಹೊಸ್ತಿಲು ದಾಟುವವರೆಗೆ ತಾನೇ ತಿರುಗಬಾರದು, ಹೊಸ್ತಿಲೇ ಇಲ್ಲದಿದ್ದರೆ ಯಾವ ಲೆಕ್ಕ ಎಂದು ಅವ್ವನಿಗೆ ತಮಾಷೆ ಮಾಡೋಣವೆಂದು ತಿರುಗಿದೆ.

ಅವ್ವ ಇರಲಿಲ್ಲ. ನನ್ನ ಹಿಂದೆ ನಿಂತಿದ್ದದ್ದು ಕೈಯಲ್ಲಿ ಬ್ಯಾಗು ಹಿಡಿದ ಯಾರೋ ಅಪರಿಚಿತ ಹೆಂಗಸು. ನಾನು ದಾರಿ ಬಿಡಲೆಂದು ಆಕೆ ಕಾಯುತ್ತಿದ್ದರು.

ಅಷ್ಟು ದೂರ ಯಾರ ಜೊತೆ ಮಾತಾಡಿಕೊಂಡು ಬಂದೆ? ರಸ್ತೆ ದಾಟುವಾಗ ಬಸ್ಸಿಗೆ ಸಿಕ್ಕಳೋ, ತಲೆ ಸುತ್ತಿ ಬಿದ್ದಳೋ, ಜನರ ನಡುವೆ ಬೇರೆ ದಾರಿ ಹಿಡಿದಳೋ. ಮೈಸೂರಿನಲ್ಲಿ ಅವ್ವನಿಗೆ ಗೊತ್ತಿದ್ದದ್ದು ದೊಡ್ಡಾಸ್ಪತ್ರೆಯೊಂದೇ, ಅದೂ ಅಪ್ಪನನ್ನು ಅಲ್ಲಿಗೆ ತಂದಿದ್ದರಿಂದ. ಅವ್ವ ಎಲ್ಲಿ, ಅವ್ವ ಇಲ್ಲ ಮಾವ ಎಂದು ಕೂಗಿದೆ. ಮಾವ ತಿರುಗಿದ. ಗಾಬರಿಯಾಗಬೇಕಿದ್ದ ಮುಖದಲ್ಲಿ ಗಾಬರಿಯಿಲ್ಲ. ಬರುತ್ತಾಳೆ ಬಿಡು, ನೀನು ಒಳಗೆ ನಡಿ, ರಾಹುಕಾಲ ಬರುತ್ತದೆ ಅಂದ. ಚಿಕ್ಕಮ್ಮಂದಿರು ಹಣ್ಣಿನ ತಟ್ಟೆಯನ್ನೇ ನೋಡುತ್ತಿದ್ದರು.

ನಾನು ಅವ್ವನ ಮೊಬೈಲಿಗೆ ಫೋನು ಮಾಡಿದೆ. ಅದು ಅತ್ತೆಯ ಚೀಲದಲ್ಲಿ ಹೊಡೆದುಕೊಂಡಿತು.

ಕಳೆದುಹೋದವಳ ಫೋನು ಅತ್ತೆಯ ಚೀಲದಲ್ಲಿ ಯಾಕಿರುತ್ತದೆ? ಕಳೆದುಹೋಗಿರಲಿಲ್ಲ. ಬಿಟ್ಟು ಬಂದಿದ್ದರು. ಇಷ್ಟೂ ಜನಕ್ಕೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಎಲ್ಲಿ ಬಿಟ್ಟಿರಿ ಎಂದು ಕೇಳಿದೆ. ಅತ್ತೆ, ಸ್ಟೇಷನ್ನಿನಲ್ಲಿ ತಣ್ಣಗೆ ಕೂತಿದ್ದಾಳೆ, ತಾಂಬೂಲ ಬದಲಾಯಿಸಿದ ಮೇಲೆ ನಿಮ್ಮ ಮಾವನೇ ಹೋಗಿ ಕರೆತರುತ್ತಾರೆ, ರಾದ್ಧಾಂತ ಮಾಡಬೇಡ ಅಂದಳು. ಕೂದಲಿನಲ್ಲಿ ಮಲ್ಲಿಗೆ, ಕೈ ತುಂಬ ಬಳೆ, ಮೈ ತುಂಬ ರೇಷ್ಮೆ. ಹೆತ್ತವಳನ್ನು ಸಾಮಾನಿನ ಹಾಗೆ ಸ್ಟೇಷನ್ನಿನಲ್ಲಿ ಇಟ್ಟು ಬಂದು ನಾನು ಮದುವಣಗಿತ್ತಿ.

ಒಳಗಿನಿಂದ ಹುಡುಗನೂ ಅವನ ತಾಯಿಯೂ ನಮ್ಮನ್ನು ಎದುರುಗೊಳ್ಳಲು ಬರುತ್ತಿದ್ದರು. ತಾಯಿಯ ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ನನಗೆ ಸಿಟ್ಟು ಬಂದರೆ ಹಿಂದು ಮುಂದು ಕಾಣುವುದಿಲ್ಲ, ಆದರೆ ಆ ಹೊತ್ತಿನಲ್ಲಿ ಮಾತು ಮಾತ್ರ ಮೆತ್ತಗೆ ಬಂತು. ನಮ್ಮ ಅವ್ವ ಸ್ಟೇಷನ್ನಿನಲ್ಲಿ ಉಳಿದಿದ್ದಾರೆ, ಕರೆದುಕೊಂಡು ಬರುತ್ತೇನೆ, ನೀವು ಕೂತಿರಿ ಅಂದೆ. ಆಕೆ ಹುಬ್ಬು ಗಂಟಿಕ್ಕಿ, ಅವರಿಗೆ ಜ್ವರ, ಬರುವುದಿಲ್ಲ ಎಂದು ಹೇಳಿದ್ದರಲ್ಲ ಎಂದು ಮಾವನ ಮುಖ ನೋಡಿದರು. ಜ್ವರವೂ ಸಿದ್ಧವಾಗಿತ್ತು ಅನ್ನಿ. ಬಂದ ಬಾಗಿಲಿನಲ್ಲೇ ಹೊರಗೆ ನಡೆದೆ. ಶುಭಕಾರ್ಯಕ್ಕೆ ಕಾಲಿಟ್ಟವಳು ಹಾಗೆ ಹಿಂದಿರುಗಿದರೆ ಸಂಬಂಧ ನಿಲ್ಲುವುದಿಲ್ಲ ಎಂದು ಮಾವ ಹಿಂದಿನಿಂದ ಹೇಳಿದ್ದು ಕೇಳಿಸಿತು. ನಿಲ್ಲದಿದ್ದರೆ ಬೀಳಲಿ ಅನ್ನಿಸಿತು.

ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಟಿಕೆಟಿಗೆ ಸಾಲಿತ್ತು. ನನ್ನ ಅವತಾರ ನೋಡಿ ಸಾಲಿನವರು ಏನೂ ಕೇಳದೆ ಜಾಗ ಬಿಟ್ಟರು. ಓಡಿಹೋಗುವ ಹುಡುಗಿ ಅಂದುಕೊಂಡಿರಬೇಕು.

ನಾವು ಇಳಿದ ಜಾಗದಿಂದ ಸ್ವಲ್ಪ ಮುಂದೆ, ಕಲ್ಲು ಬೆಂಚಿನ ಮೇಲೆ ಅವ್ವ ಹಳಿಗಳ ಕಡೆ ಮುಖ ಮಾಡಿ ಕೂತಿದ್ದಳು. ತೊಡೆಯ ಮೇಲೆ ಚೀಲ, ಚೀಲದ ಮೇಲೆ ಎರಡು ಕೈ. ಆ ಮೊಸರನ್ನ ವಾಪಸು ದಾರಿಯದಲ್ಲ, ಮಧ್ಯಾಹ್ನದ್ದು ಎಂದು ಆಗ ಹೊಳೆಯಿತು. ಮಗಳ ನಿಶ್ಚಿತಾರ್ಥದ ದಿನ ಬೆಂಚಿನ ಮೇಲೆ ಒಬ್ಬಳೇ ಉಣ್ಣಲು ಅವಳು ಹಿಂದಿನ ದಿನವೇ ಲೆಕ್ಕ ಹಾಕಿ ಹೆಪ್ಪು ಹಾಕಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಮೊದಲು ಕೇಳಿದ್ದು, ಏನಾಯಿತು, ಸಂಬಂಧ ಮುರಿಯಿತಾ ಎಂದು.

ನಾನು ಮಾವನನ್ನು ಬಯ್ಯಲು ಶುರುಮಾಡಿದೆ. ಜನ ನೋಡುತ್ತಿದ್ದಾರೆ ಅನ್ನುವ ಪರಿವೆಯೂ ಇರಲಿಲ್ಲ. ಒಡಹುಟ್ಟಿದವಳನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಾದರೂ ಹೇಗೆ ಬಂತು, ಮನೆಗೆ ಹೋದ ಮೇಲೆ ಅವನಿಗೆ ಮಾಡುತ್ತೇನೆ ಎಂದೆಲ್ಲ ಅಂದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು.

"ಅವನ್ನ ಅನ್ಬ್ಯಾಡ ಮಗ. ಅವನು ಬ್ಯಾಡ ಅಂದ. ನಾನೇ ಕಾಲ್ ಇಡ್ದು ಒಪ್ಸಿದ್ದು. ಮನೇಲಾದ್ರೆ ನಾನ್ ಎಲ್ಲಿಗ್ ಓಗ್ಲಿ ಅಂತ ಓಟ್ಲು ಮಾಡ್ಸಿದ್ದೂ ನಾನೇ. ತಿರುಗ್ಬ್ಯಾಡ ಅಂತ ಏಳ್ಸಿದ್ದೂ ನಾನೇ ಕಣವ್ವ. ನೀನ್ ತಿರುಗುದ್ರೆ ನನ್ನ ಬುಟ್ ಓಗ್ತಿದ್ದಾ?"

ಬೈಯಲು ಒಬ್ಬ ಮಾವ ಸಿಕ್ಕಿದ್ದ, ಅವನೂ ಕೈತಪ್ಪಿ ಹೋದ. ಯಾಕೆ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು. ಕೆಲವು ವರ್ಷಗಳ ಹಿಂದೆ ಮಾವನ ಮಗಳಿಗೆ ಬಂದ ಮೊದಲ ಸಂಬಂಧ ನಿಶ್ಚಿತಾರ್ಥವಾದ ಮೇಲೆ ಮುರಿದುಬಿದ್ದಿತ್ತು. ಆ ದಿನ ತಟ್ಟೆಗೆ ವೀಳ್ಯದೆಲೆ ಜೋಡಿಸಿದ್ದು ಗಂಡ ಸತ್ತ ಅವ್ವ. ಯಾರೂ ಅವಳಿಗೆ ಏನೂ ಅಂದಿರಲಿಲ್ಲ. ಅನ್ನುವ ಮೊದಲೇ ಅವಳು ತಾನೇ ಅಂದುಕೊಂಡಿದ್ದಳು. ಅಲ್ಲಿಂದೀಚೆಗೆ ಯಾರ ಮನೆಯ ಶುಭಕಾರ್ಯದಲ್ಲೂ ಅವಳು ತಟ್ಟೆ ಮುಟ್ಟಿಲ್ಲವಂತೆ, ಅಡುಗೆ ಮನೆ ಬಿಟ್ಟು ಮುಂದೆ ಬಂದಿಲ್ಲವಂತೆ. ಆ ಬೆಳಿಗ್ಗೆ ನನ್ನ ಮುಡಿಗೆ ಹೂವು ಮುಡಿಸಿದ್ದೂ ಅತ್ತೆಯೇ. ಅವ್ವ ಮಾಲೆ ಕಟ್ಟಿ ಅವಳ ಕೈಗೆ ಕೊಟ್ಟಿದ್ದಳು. ಒಂದೇ ಮನೆಯಲ್ಲಿ ಒಂದೇ ಒಲೆಯ ಅನ್ನ ಉಂಡು ಬೆಳೆದ ನನ್ನ ಕಣ್ಣಿಗೆ ಇದು ಯಾವುದೂ ಬಿದ್ದಿರಲಿಲ್ಲ ಅನ್ನುವುದು ಆ ದಿನದ ಎಲ್ಲ ಆಘಾತಗಳಿಗಿಂತ ದೊಡ್ಡದು.

ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ನೀನು ಬರದಿದ್ದರೆ ನಾನೂ ಹೋಗುವುದಿಲ್ಲ, ಇಲ್ಲೇ ಉಂಡು ಸಂಜೆ ರೈಲಿಗೆ ಊರಿಗೆ ಹೋಗೋಣ ಅಂದೆ. ನೀನು ಹೋಗು ಮಗ, ಹಟ ಮಾಡಬೇಡ ಎಂದು ಅವಳು ರಮಿಸಿದಳು. ನಾನು ಚೀಲದಿಂದ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದೆ. ಶಾಸ್ತ್ರ ಮುಗಿಯುವವರೆಗೂ ಹೆಣ್ಣು ಬಾಯಿಗೆ ಏನೂ ಹಾಕಬಾರದು, ಬೆಳಿಗ್ಗೆಯಿಂದ ನನಗೆ ಒಂದು ಲೋಟ ಕಾಫಿಯನ್ನೂ ಕೊಟ್ಟಿರಲಿಲ್ಲ. ಒಂದು ತುತ್ತು ಕಲಸಿ ಬಾಯಿಯ ಹತ್ತಿರ ತಂದೆ. ಅವ್ವ ನನ್ನ ಕೈಗೆ ಫಟ್ಟನೆ ಹೊಡೆದಳು. ತುತ್ತು ನೆಲಕ್ಕೆ ಬಿತ್ತು. ಅಪ್ಪ ಹೋದ ಮೇಲೆ ಅವಳು ನನಗೆ ಹೊಡೆದದ್ದು ಅದೇ ಮೊದಲು.

ಇಬ್ಬರೂ ಆ ಅನ್ನವನ್ನು ನೋಡುತ್ತ ಕೂತೆವು. ಕಾಗೆಯೊಂದು ಬಂದು ಎತ್ತಿಕೊಂಡು ಹೋಯಿತು. ಆಮೇಲೆ ಅವ್ವ ಡಬ್ಬಿಗೆ ಮುಚ್ಚಳ ಹಾಕಿ, ಚೀಲಕ್ಕಿಟ್ಟು, ಸೆರಗಿನಿಂದ ನನ್ನ ಕೈ ಒರೆಸಿ ಎದ್ದಳು. ನಡಿ, ನಿನ್ನ ಹಿಂದೆಯೇ ಬರುತ್ತೇನೆ ಅಂದಳು.

"ಇಂದೆ ಬ್ಯಾಡ. ಇಂದೆ ಬತ್ತೀನಿ ಅಂದ್ರೆ ನಾನ್ ನಂಬಾಕಿಲ್ಲ. ನೀನ್ ಮುಂದ್ ನಡಿ" ಅಂದೆ.

"ನಂಗ್ ದಾರಿ ಗೊತ್ತಿಲ್ವಲ್ಲ ಮಗ."

"ಕೇಳ್ಕಂಡ್ ಓಗು."

ಹಾಗೆ ಮೂರನೆಯ ಸಲ ಆ ದಾರಿ ನಡೆದೆ. ಈ ಸಲ ಅವ್ವ ಮುಂದೆ. ಗೇಟಿನಲ್ಲಿ ಟಾಂಗಾದವನನ್ನು ಕೇಳಿದಳು. ಅವನು ತಾನೇ ಬಿಡುತ್ತೇನೆ ಕೂತ್ಕೊಳ್ಳಿ ಅಂದ, ನಡೆದೇ ಹೋಗಬೇಕು ಅಂತಾಳೆ ನನ್ನ ಮಗಳು ಎಂದು ಅವ್ವ ಅಂದಳು. ಕುದುರೆಯ ಗರಿ ನೋಡಿದಳು. ವೃತ್ತದಲ್ಲಿ ಪೊಲೀಸಿನವನನ್ನು ಕೇಳಿದಳು. ಅವನು ನನ್ನ ಮುಖ ನೋಡಿ, ಈಗ ತಾನೇ ದಾಟಿಸಿದ್ದೆನಲ್ಲ ಅನ್ನುವ ಹಾಗೆ ಬಾಯಿ ತೆರೆದ, ಮತ್ತೆ ಬಸ್ಸು ನಿಲ್ಲಿಸಿದ. ಹೂವಿನವಳನ್ನು ಕೇಳಿದಳು, ಔಷಧಿ ಅಂಗಡಿಯವನನ್ನು ಕೇಳಿದಳು. ನನಗೆ ದಾರಿ ಗೊತ್ತಿದ್ದರೂ ಬಾಯಿ ಬಿಡಲಿಲ್ಲ. ಗದ್ದೆ ಬದುವಿನ ಮೇಲೆ ನಡೆಯುವ ಹಾಗೆ ಅವಳು ಕಾಲು ನೋಡಿಕೊಂಡು ಬಿರಬಿರನೆ ನಡೆಯುತ್ತಿದ್ದಳು. ಮೂರು ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನಾನಿದ್ದೇನೆಯೇ ಎಂದು ನೋಡುತ್ತಿದ್ದಳು.

ಆಮೇಲೆ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ರಾಹುಕಾಲ ಬಂದೇಬಿಟ್ಟಿತ್ತು, ಅದು ಕಳೆಯುವವರೆಗೆ ಎಲ್ಲರೂ ಹಸಿದುಕೊಂಡು ಕಾದರು. ಹುಡುಗನ ತಾಯಿ ಅವ್ವನನ್ನು ಕಂಡಾಗ ಕುಂಕುಮದ ತಟ್ಟೆ ಚಾಚಿದ ಕೈ ಅರ್ಧಕ್ಕೆ ನಿಂತದ್ದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಆಕೆ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು, ಅವ್ವನ ಕೈಯಿಂದ ಬುತ್ತಿಯ ಚೀಲ ಇಸಿದುಕೊಂಡು, ಬನ್ನಿ ಅಂದರು. ಕೋಟೆಯವರಲ್ಲಿ ಒಂದಿಬ್ಬರು ಗೊಣಗಿದರು, ಒಬ್ಬರು ಊಟ ಮಾಡದೆ ಹೋದರು. ತಾಂಬೂಲದ ತಟ್ಟೆಯನ್ನು ಮಾವನೂ ಅವ್ವನೂ ಸೇರಿ ಹಿಡಿದುಕೊಟ್ಟರು. ಅವ್ವ ಹಿಡಿದದ್ದು ಬೆರಳ ತುದಿಯಲ್ಲಿ. ಮದುವೆಯೂ ಆಯಿತು. ಈಗ ನಾನು ಕೋಟೆಯ ಸೊಸೆ, ಸಂಸಾರದಲ್ಲಿ ಎಲ್ಲರ ಮನೆಯಲ್ಲಿರುವಷ್ಟು ಜಗಳವಿದೆ. ಯಾವ ಜಗಳಕ್ಕೂ ಅವ್ವನ ಬೆರಳು ಕಾರಣವಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ನೆನಪಿರುವುದು ಅದಕ್ಕೂ ಮುಂಚಿನ ಒಂದು ಗಳಿಗೆ. ಹೋಟೆಲಿನ ಮುಂದೆ ಬಂದಾಗ ಅವ್ವ ನಿಂತುಬಿಟ್ಟಳು. ಗಾಜಿನ ಆಚೆ ಮಾವ, ಅತ್ತೆ, ಕೋಟೆಯವರು ಎಲ್ಲ ನಮ್ಮನ್ನೇ ನೋಡುತ್ತ ನಿಂತಿದ್ದರು. ಯಾರೂ ಬಾಗಿಲ ಹತ್ತಿರ ಇರಲಿಲ್ಲ. ಕಾವಲುಗಾರನೂ ಎಲ್ಲೋ ಹೋಗಿದ್ದ. ಅವ್ವ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು. ನಾನು ಅಲ್ಲಾಡಲಿಲ್ಲ. ಹಿಡಿಯಿಲ್ಲದ ಆ ಬಾಗಿಲನ್ನು ಹೇಗೆ ತೆಗೆಯುವುದೆಂದು ಅವಳಿಗೆ ತಿಳಿಯಲಿಲ್ಲ. ಚಪ್ಪಲಿ ಬಿಟ್ಟಳು. ಹೊಸ್ತಿಲಿಗಾಗಿ ನೆಲ ನೋಡಿದಳು. ಒಂದು ಹೆಜ್ಜೆ ಮುಂದಿಟ್ಟಳು.

ಬಾಗಿಲು ಸರಿಯಿತು.

ಅವ್ವ ಅಲ್ಲೇ ನಿಂತು ನನ್ನ ಕಡೆ ತಿರುಗಿದಳು. ಅಷ್ಟು ಬೆರಗು ಹೊತ್ತ ಅವಳ ಮುಖವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

"ನಂಗೂ ತೆಗೀತಲ್ಲ ಮಗ" ಅಂದಳು.